ಹೇಳಿಕೊಟ್ಟ ಬಣ್ಣ, ತಾನಾಗಿ ಬಂದ ಬಣ್ಣ

ಲೋಕಾಪುರದ ನಮ್ಮ ಮನೆಯಲ್ಲಿ ಅಜ್ಜ ಬೆಳಿಗ್ಗೆ, ಸಂಜೆ ನೇಮಕ್ಕೆ ಕೂಡುತ್ತಿದ್ದರು. ಇಂಚಗೇರಿ ಸಂಪ್ರದಾಯದವರು ನಾಮಸ್ಮರಣೆಯ ಧ್ಯಾನವನ್ನು ‘ನೇಮ’ ಎನ್ನುತ್ತಾರೆ. ಚಿಕ್ಕವನಿದ್ದಾಗ ಒಮ್ಮೆ “ಕಣ್ಣು ಮುಚ್ಚಿದ ಮ್ಯಾಲೆ ಏನ ಕಾಣತದ?” ಎಂದು ಕೇಳಿದ್ದೆ. “ಕಂಡದ್ದು ಹೇಳಬಾರದು” ಎಂದಷ್ಟೇ ಹೇಳಿ ಸುಮ್ಮನಾದರು. ಸಂಶೋಧನೆಯ ನೆಪದಲ್ಲಿ ಯಹೂದಿ ಅನುಭಾವದ ಪುಸ್ತಕಗಳನ್ನು ಓದತೊಡಗಿದ ಮೇಲೆ ಆ ಮಾತು ಬಿಡದೆ ಕಾಡುತ್ತಿದೆ.

ಯಹೂದಿಗಳ ಅನುಭಾವ ಪರಂಪರೆಯಾದ ಕಬಾಲದಲ್ಲಿ ಏನು ಕಾಣಬೇಕೆಂಬುದನ್ನು ಹೇಳಿಕೊಡುವ ಗ್ರಂಥಗಳೇ ಇವೆ. ಸ್ಪೇನಿನಲ್ಲಿ 1240ರಲ್ಲಿ ಹುಟ್ಟಿದ ಅಬ್ರಹಾಂ ಅಬುಲಾಫಿಯಾನ ಕ್ರಮ ಹೀಗಿದೆ: ರಾತ್ರಿ ದೀಪಗಳನ್ನು ಹಚ್ಚಿ, ಬಿಳಿಬಟ್ಟೆ ಉಟ್ಟು, ಹೀಬ್ರೂವಿನ 22 ಅಕ್ಷರಗಳನ್ನು ಅದಲುಬದಲು ಮಾಡಿ ಬರೆಯುತ್ತ ಹೋಗಬೇಕು, ಉಸಿರನ್ನೂ ತಲೆಯ ಚಲನೆಯನ್ನೂ ಅದಕ್ಕೆ ಹೊಂದಿಸಬೇಕು, ಕೊನೆಗೆ ಲೇಖನಿ ಬಿಟ್ಟು, ಆ ಅಕ್ಷರಗಳನ್ನು ಮನಸ್ಸಿನೊಳಗೇ ಕಾಣಬೇಕು. ಮೂರು ಶತಮಾನಗಳ ನಂತರ ಗೆಲಿಲಿಯ ಸಫೇದ್ ಊರಿನಲ್ಲಿ ಮೋಶೆ ಕೋರ್ಡೊವೆರೊ ಬರೆದ ‘ಪರ್ದೇಸ್ ರಿಮ್ಮೊನೀಮ್’ (ದಾಳಿಂಬೆಯ ತೋಟ) ಗ್ರಂಥದಲ್ಲಿ ‘ಬಣ್ಣಗಳ ಬಾಗಿಲು’ ಎಂಬ ಅಧ್ಯಾಯವೇ ಇದೆ. ದೇವರ ಕರುಣೆಗೆ ಬಿಳಿ, ಕಠೋರ ನ್ಯಾಯಕ್ಕೆ ಕೆಂಪು. ಸಾಧಕ ಪ್ರಾರ್ಥಿಸುವಾಗ ಆಯಾ ಬಣ್ಣವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಇಲ್ಲಿ ಬಣ್ಣವೆಂದರೆ ಒಂದು ಅಪ್ಪಣೆ.

ಇದು ನಮಗೆ ತೀರ ಹೊಸದೇನಲ್ಲ. ಆಧಾರದಿಂದ ಆಜ್ಞೆಯವರೆಗಿನ ಆರು ಚಕ್ರಗಳು, ಅವುಗಳ ದಳಗಳ ಮೇಲೆ 50 ಅಕ್ಷರಗಳು, ಒಂದೊಂದಕ್ಕೆ ಒಂದು ಬಣ್ಣ – ಈ ಲೆಕ್ಕ ನಮ್ಮ ಯೋಗಗ್ರಂಥಗಳಲ್ಲೂ ಇದೆ. ಆದ್ದರಿಂದ ‘ಅವರು ಹಾಗೆ, ನಾವು ಹೀಗೆ’ ಎಂಬ ಸುಲಭದ ಗೆರೆ ನನಗೆ ಒಪ್ಪಿಗೆಯಿಲ್ಲ. ಗೆರೆ ಬೇರೆ ಕಡೆ ಇದೆ. ಅದನ್ನು ತೋರಿಸಿದವರು ನಮ್ಮ ಪಕ್ಕದ ಜಮಖಂಡಿಯವರು.

ರಾಮಚಂದ್ರ ದತ್ತಾತ್ರೇಯ ರಾನಡೆ, ಅಂದರೆ ಗುರುದೇವ ರಾನಡೆ, ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದರು. ಅಲ್ಲಿಯ ಪರಶುರಾಮಭಾವು ಹೈಸ್ಕೂಲಿನ ವಿದ್ಯಾರ್ಥಿಯಾಗಿದ್ದಾಗಲೇ, 1901ರಲ್ಲಿ, ಉಮದಿಯ ಭಾವೂಸಾಹೇಬ ಮಹಾರಾಜರಿಂದ ನಾಮ ಪಡೆದರು. ಈ ಪರಂಪರೆಯ ಮೂಲಪುರುಷರಾದ ನಿಂಬರಗಿ ಮಹಾರಾಜರು ಬಟ್ಟೆಗೆ ಬಣ್ಣ ಹಾಕುವ ನೀಲಗಾರ ಮನೆತನದವರು. (ರಬಕವಿ-ಬನಹಟ್ಟಿಯ ಮಗ್ಗಗಳ ಸೀಮೆಯವನಾದ ನನಗೆ ಈ ವಿವರದ ಮೇಲೆ ಸ್ವಲ್ಪ ಹೆಚ್ಚೇ ಪ್ರೀತಿ.) ಮುಂದೆ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಕಲಿಸಿ ಅಲ್ಲಿಯೇ ಕುಲಪತಿಯೂ ಆದ ರಾನಡೆ, 1926ರಲ್ಲಿ ಪ್ರಕಟವಾದ ತಮ್ಮ ಉಪನಿಷತ್ತುಗಳ ಸಮೀಕ್ಷೆಯ ಕೊನೆಯ ಅಧ್ಯಾಯದಲ್ಲಿ ಒಂದು ವಿಶಿಷ್ಟ ಕೆಲಸ ಮಾಡಿದರು. ಧ್ಯಾನದಲ್ಲಿ ಎದುರಾಗುವ ರೂಪ, ಬಣ್ಣ, ನಾದ, ಬೆಳಕುಗಳನ್ನು ವಿಂಗಡಿಸಿದರು. ಶ್ವೇತಾಶ್ವತರದ ಮಂಜು, ಹೊಗೆ, ಮಿಂಚುಹುಳ, ಮಿಂಚು, ಸ್ಫಟಿಕ, ಚಂದ್ರ. ಬೃಹದಾರಣ್ಯಕದ ಕೇಸರಿ ಬಟ್ಟೆ, ಕೆಂಪು ಇಂದ್ರಗೋಪ, ಬಿಳಿ ತಾವರೆ – ಇವನ್ನೆಲ್ಲ ಕವಿಸಮಯವೆಂದು ದಾಟಿಹೋಗದೆ, ಯಾರೋ ನಿಜಕ್ಕೂ ಕಂಡದ್ದೆಂದು ಓದಿದರು. ಆಮೇಲೆ ಮರಾಠಿ, ಹಿಂದಿ ಸಂತರ ಹಾಡುಗಳಲ್ಲೂ ಅದನ್ನೇ ಹುಡುಕಿದರು. ಕನ್ನಡದ ಶರಣರ, ದಾಸರ ಕುರಿತ ಅವರ ಪುಸ್ತಕ ಬಂದದ್ದು 1960ರಲ್ಲಿ. ಅಷ್ಟರಲ್ಲಿ ಅವರು ನಿಂಬಾಳದಲ್ಲಿ ತೀರಿಕೊಂಡು ಮೂರು ವರ್ಷವಾಗಿತ್ತು.

ರಾನಡೆಯವರ ವಾದದ ಬಲ ಇರುವುದು ಇಲ್ಲಿ: ನೇಮದಲ್ಲಿ ಗುರು ಕೊಡುವುದು ನಾಮವನ್ನು ಮಾತ್ರ, ಚಿತ್ರವನ್ನಲ್ಲ. ಬಣ್ಣ, ಬೆಳಕು ಬಂದರೆ ತಾವಾಗಿ ಬರಬೇಕು. ಬೇರೆ ಬೇರೆ ಕಾಲದ, ಬೇರೆ ಬೇರೆ ಭಾಷೆಯ ಜನ ಕರೆಯದೆಯೇ ಒಂದೇ ಬಗೆಯದನ್ನು ಕಂಡರೆ ಅದು ಬರೀ ಕಲ್ಪನೆಯಾಗಿರಲಾರದು. ಕೋರ್ಡೊವೆರೊನಲ್ಲಿ ಬಣ್ಣ ಅಪ್ಪಣೆಯಾದರೆ ರಾನಡೆಯವರಲ್ಲಿ ಅದು ಸಾಕ್ಷಿ.

ಆದರೆ ಸಾಕ್ಷಿಗೆ ಮೊದಲೇ ಪಾಠ ಹೇಳಿಕೊಟ್ಟಿರಬಾರದಲ್ಲ? ನನ್ನ ತೊಡಕು ಶುರುವಾಗುವುದೇ ಈ ಪ್ರಶ್ನೆಯಿಂದ. ರಾನಡೆಯವರ ಪಟ್ಟಿಯನ್ನು ಓದಿ ಕಣ್ಣು ಮುಚ್ಚಿದವನಿಗೆ ಮಿಂಚುಹುಳ ಕಂಡರೆ ಅದನ್ನು ತಾನಾಗಿ ಬಂದದ್ದು ಎನ್ನಲಾದೀತೆ? ಪಟ್ಟಿ ಅಚ್ಚಾದ ದಿನವೇ ಅದು ಇನ್ನೊಂದು ‘ಬಣ್ಣಗಳ ಬಾಗಿಲು’ ಆಯಿತೇನೋ. ಪುಸ್ತಕಕ್ಕಿಂತ ಹಿಂದೆಯೂ ಹಾಡುಗಳಿದ್ದವು. ರಾನಡೆ ಸಂತರ ಪದಗಳನ್ನು ಅನುಭವದ ವರದಿಯೆಂದು ಓದುತ್ತಾರೆ. ಅವು ವರದಿಯೂ ಹೌದು; ಕೇಳುವವರಿಗೆ ಪಾಠವೂ ಹೌದು. ಅವರ ಬರಹದಲ್ಲಿ ಈ ಎರಡನೆಯ ಮುಖಕ್ಕೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲವೆಂದು ನನಗನ್ನಿಸುತ್ತದೆ. ಅಂದಮಾತ್ರಕ್ಕೆ ಕಂಡದ್ದೆಲ್ಲ ಸುಳ್ಳೆಂದು ಹೇಳುವ ಅವಸರವೂ ನನಗಿಲ್ಲ; ಮೊದಲೇ ಹೆಸರು ಕೇಳಿದ್ದ ಊರನ್ನು ಮುಟ್ಟಿದವನೂ ಆ ಊರನ್ನು ಮುಟ್ಟಿದವನೇ.

ಅಜ್ಜನ ಮೌನ ಈಗ ನನಗೆ ಬರೀ ಗುಟ್ಟಿನಂತೆ ಕಾಣುವುದಿಲ್ಲ. ಮೊಮ್ಮಗನಿಗೆ ಕಾಣುವುದು ಅವನದೇ ಆಗಿರಲಿ ಎಂಬ ಎಚ್ಚರವೂ ಅದರಲ್ಲಿ ಇದ್ದಿರಬಹುದು. ಆದರೆ ಸಂಜೆ ಭಜನೆಗೆ ಕೂತರೆ ಅದೇ ಅಜ್ಜ, ಎದೆಯೊಳಗಿನ ಚಂದ್ರನನ್ನೂ ಮುತ್ತಿನ ಮಳೆಯನ್ನೂ ವರ್ಣಿಸುವ ಪದಗಳನ್ನು ಓಣಿಗೆಲ್ಲ ಕೇಳುವಂತೆ ಹಾಡುತ್ತಿದ್ದರು. ಪಕ್ಕದಲ್ಲಿ ತಾಳ ಹಿಡಿದು ಕೂತಿರುತ್ತಿದ್ದವನು ನಾನೇ.