ಚೆನ್ನೈನ ಹಾಯಿ ಪಂದ್ಯ ಮತ್ತು ಅಗ್ಗದ ದೋಣಿಯ ಚರಿತ್ರೆ

ಪಂದ್ಯಕ್ಕೆಂದೇ ಕಟ್ಟಿದ, ಕ್ಯಾಬಿನ್ನು, ಎಂಜಿನ್ನು, ಅಲಂಕಾರ ಯಾವುದೂ ಇಲ್ಲದ, ಒಬ್ಬಿಬ್ಬರು ಕೂತು ನಡೆಸುವ ಚಿಕ್ಕ ಹಾಯಿದೋಣಿಗೆ ಡಿಂಗಿ ಎನ್ನುತ್ತಾರೆ. ಹಾಯಿ ಪಂದ್ಯವೆಂದರೆ ಸಿರಿವಂತರ ಗೀಳು ಎಂಬ ಮಾತು ಪೂರ್ತಿ ಸುಳ್ಳಲ್ಲ. ಅದನ್ನು ಸುಳ್ಳಾಗಿಸಲು ಸುಮಾರು ನೂರನಲವತ್ತು ವರ್ಷಗಳಿಂದ ದೋಣಿಯ ಬೆಲೆ ಇಳಿಸುವ ಯತ್ನ ನಡೆದೇ ಇದೆ. ಭಾರತದಲ್ಲಿ ಅದರ ಫಲ ಎದ್ದುಕಾಣುವ ಊರು ಚೆನ್ನೈ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಹಾಯಿ ನಡೆಸಿದ ನಾಲ್ವರು ಭಾರತೀಯರಲ್ಲಿ ಮೂವರು ಇಲ್ಲಿಯವರು.

ಇಲ್ಲಿನ ಕಡಲತೀರ ಚಿಕ್ಕ ದೋಣಿಗೆ ಒಲಿದದ್ದಲ್ಲ. ಮದರಾಸಿಗೆ ಸಹಜ ಬಂದರಿರಲಿಲ್ಲ. ದಡಕ್ಕೆ ಬಡಿಯುವ ತೆರೆಗಳನ್ನು ದಾಟಲು ಎರಡೇ ಸಾಧನಗಳಿದ್ದವು. ಒಂದು, ಮೊಳೆ ಹೊಡೆಯದೆ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದ ಮಸೂಲಾ ದೋಣಿ. ತೆರೆಯ ಏಟಿಗೆ ಇದು ಒಡೆಯದೆ ಬಾಗುತ್ತಿತ್ತು. ಇನ್ನೊಂದು, ಹಗುರ ಮರದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದ ಕಟ್ಟುಮರ. ಸವಲತ್ತುಗಳನ್ನೆಲ್ಲ ಕಳಚಿ ಕೆಲಸಕ್ಕೆ ಬೇಕಾದಷ್ಟನ್ನೇ ಉಳಿಸಿಕೊಂಡ ದೋಣಿ ಯಾವುದೆಂದು ಕೇಳಿದರೆ ಕಟ್ಟುಮರಕ್ಕಿಂತ ಒಳ್ಳೆಯ ಉತ್ತರವಿಲ್ಲ. ಆದರೆ ಅದನ್ನು ಪಂದ್ಯಕ್ಕೆ ತರುವ ಯೋಚನೆ ಮದರಾಸಿನ ದೊರೆಗಳಿಗೆ ಬರಲಿಲ್ಲ.

1870ರ ದಶಕದಲ್ಲಿ ಸಮುದ್ರದೊಳಕ್ಕೆ ಕಲ್ಲಿನ ತೋಳುಗಳನ್ನು ಚಾಚಿ ಕೃತಕ ಬಂದರು ಕಟ್ಟತೊಡಗಿದರು. 1881ರ ಚಂಡಮಾರುತ ಅದನ್ನು ಕೆಡವಿತು. 1904ರಲ್ಲಿ ಪೋರ್ಟ್ ಟ್ರಸ್ಟಿನ ಅಧ್ಯಕ್ಷರಾಗಿ ಬಂದ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಪೂರ್ವದ ಬಾಗಿಲನ್ನು ಮುಚ್ಚಿಸಿ ಈಶಾನ್ಯಕ್ಕೆ ಹೊಸ ಬಾಗಿಲು ತೆರೆಸಿದರು. ಒಳಗಿನ ನೀರು ಶಾಂತವಾಯಿತು. 1912ರಲ್ಲಿ ತಿಂಗಳಿಗೆ 30 ರೂಪಾಯಿ ಸಂಬಳದ ಗುಮಾಸ್ತನಾಗಿ ಗಣಿತಜ್ಞ ರಾಮಾನುಜನ್ ಸೇರಿದ್ದು ಇದೇ ಸ್ಪ್ರಿಂಗ್ ಅವರ ಕಚೇರಿಗೆ. ಅದಕ್ಕೆ ಒಂದು ವರ್ಷ ಮುಂಚೆ, 1911ರಲ್ಲಿ, ಸ್ಪ್ರಿಂಗ್ ಅವರ ಮುಂದಾಳತ್ವದಲ್ಲಿ ಹುಟ್ಟಿದ ಸಂಸ್ಥೆಯೇ ಇಂದಿನ ರಾಯಲ್ ಮದ್ರಾಸ್ ಯಾಟ್ ಕ್ಲಬ್. ಅದರ ನೆಲೆ ಈಗಲೂ ಬಂದರಿನೊಳಗೇ ಇದೆ.

ಬೆಲೆಯ ಪ್ರಶ್ನೆಯನ್ನು ಮೊದಲು ಎತ್ತಿದವರು ಐರ್ಲೆಂಡಿನವರು. ದುಡ್ಡಿದ್ದವನು ಪ್ರತಿವರ್ಷ ಹೊಸ ವಿನ್ಯಾಸದ ದೋಣಿ ಕಟ್ಟಿಸಿ ಗೆಲ್ಲುತ್ತಿದ್ದುದರಿಂದ ಬೇಸತ್ತು, 1887ರಲ್ಲಿ ಡಬ್ಲಿನ್ ಬಳಿಯ ವಾಟರ್ ವ್ಯಾಗ್ ಕ್ಲಬ್ಬಿನವರು ಎಲ್ಲರ ದೋಣಿಯೂ ಒಂದೇ ಅಚ್ಚಿನದಾಗಿರಬೇಕೆಂದು ಕಟ್ಟು ಮಾಡಿದರು. ಗೆಲುವು ನಡೆಸುವವನ ಕೈಚಳಕದಿಂದ ಬರಬೇಕು, ಜೇಬಿನಿಂದಲ್ಲ ಎಂಬುದು ಅವರ ವಾದ. ಹಳೆಯ ದೋಣಿಯೂ ಹೊಸದರ ಸರಿಸಮ ನಿಲ್ಲುವುದರಿಂದ ಮಾರುವಾಗ ಬೆಲೆ ಬಿದ್ದುಹೋಗುವುದಿಲ್ಲ ಎಂಬ ಲಾಭವೂ ಇದರಲ್ಲಿತ್ತು.

ಎರಡನೆಯ ಮಹಾಯುದ್ಧದ ನಂತರ ಜಲನಿರೋಧಕ ಪ್ಲೈವುಡ್ ಕೈಗೆಟುಕಿದಾಗ ಈ ವಾದಕ್ಕೆ ರೆಕ್ಕೆ ಬಂತು. 1947ರಲ್ಲಿ ಅಮೆರಿಕದ ಫ್ಲಾರಿಡಾದ ಕ್ಲಿಯರ್‌ವಾಟರ್ ಊರಿನಲ್ಲಿ ಹುಡುಗರಿಗಾಗಿ 50 ಡಾಲರಿನೊಳಗೆ ಕಟ್ಟಬಹುದಾದ ದೋಣಿ ಬೇಕೆಂದು ಕೇಳಿದ್ದಕ್ಕೆ ಕ್ಲಾರ್ಕ್ ಮಿಲ್ಸ್ ಎಂಬ ದೋಣಿಗಾರ ಆಪ್ಟಿಮಿಸ್ಟ್ ಮಾಡಿಕೊಟ್ಟರು. ಪ್ಲೈವುಡ್ ಹಲಗೆ ಸಿಗುತ್ತಿದ್ದುದು ಎಂಟು ಅಡಿ ಉದ್ದದಲ್ಲಿ. ಹಾಗಾಗಿ ದೋಣಿಯೂ ಎಂಟು ಅಡಿಯೊಳಗೇ ಮುಗಿಯಿತು. ಮೂತಿ ಮೊಂಡಾಗಿ, ನೋಡಲು ತೊಟ್ಟಿಯಂತಿರುವ ಈ ದೋಣಿ ಮುಂದೆ ಜಗತ್ತಿನಾದ್ಯಂತ ಹದಿನೈದರೊಳಗಿನ ಮಕ್ಕಳ ಮೊದಲ ಪಾಠಶಾಲೆಯಾಯಿತು. 1956ರಲ್ಲಿ ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ ಎಂಟರ್‌ಪ್ರೈಸ್ ರೂಪಿಸಿದರು. ಅದರ ಬೆನ್ನಿಗೆ ನಿಂತದ್ದು ನ್ಯೂಸ್ ಕ್ರಾನಿಕಲ್ ಪತ್ರಿಕೆ. 1962ರಲ್ಲಿ ಪೀಟರ್ ಮಿಲ್ನ್ ಅವರ ಫೈರ್‌ಬಾಲ್ ಬಂತು. ಇವೆರಡೂ ಮನೆಯ ಹಿತ್ತಿಲಲ್ಲೇ ಕಟ್ಟಿಕೊಳ್ಳಬಹುದಾದವು. ಭಾರತಕ್ಕೆ ಇವು ಒಗ್ಗಿದವು. 1982ರ ಏಷ್ಯನ್ ಕ್ರೀಡಾಕೂಟದ ಹಾಯಿ ಪಂದ್ಯಗಳು ಮುಂಬಯಿಯಲ್ಲಿ ನಡೆದಾಗ ಫಾರೂಖ್ ತಾರಾಪೋರ್ ಮತ್ತು ಝರೀರ್ ಕರಂಜಿಯಾ ಚಿನ್ನ ಗೆದ್ದದ್ದು ಫೈರ್‌ಬಾಲ್‌ನಲ್ಲಿ.

ಎಲ್ಲಕ್ಕಿಂತ ದೊಡ್ಡ ತಿರುವು ಲೇಸರ್. 1969ರಲ್ಲಿ ಕೆನಡಾದ ಇಯಾನ್ ಬ್ರೂಸ್ ತಮ್ಮ ಗೆಳೆಯ, ವಿನ್ಯಾಸಕ ಬ್ರೂಸ್ ಕರ್ಬಿಗೆ ಫೋನ್ ಮಾಡಿ, ಕಾರಿನ ಮೇಲೆ ಹೇರಿಕೊಂಡು ಹೋಗುವಂಥ ಒಂದು ಸರಳ ದೋಣಿ ಬೇಕೆಂದರು. ಮಾತಾಡುತ್ತಲೇ ಕರ್ಬಿ ಕಾಗದದ ಮೇಲೆ ಗೀಚಿದ ಚಿತ್ರವೇ ದೋಣಿಯ ಮೂಲ. ಹಾಯಿಯನ್ನು ಹೊಲಿದವರು ಹ್ಯಾನ್ಸ್ ಫಾಗ್. 1970ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಒಂದು ಪತ್ರಿಕೆ ಸಾವಿರ ಡಾಲರಿಗಿಂತ ಕಡಿಮೆ ಬೆಲೆಯ ದೋಣಿಗಳಿಗೆಂದೇ ಅಮೆರಿಕಾಸ್ ಟೀಕಪ್ ಎಂಬ ಪಂದ್ಯ ಏರ್ಪಡಿಸಿತು. ಅಮೆರಿಕಾಸ್ ಕಪ್ ಎಂಬ ಕೋಟ್ಯಧಿಪತಿಗಳ ಪಂದ್ಯವನ್ನು ಅಣಕಿಸುವ ಹೆಸರು. ಕರ್ಬಿಯ ದೋಣಿ ಅಲ್ಲಿ ಮೊದಲ ಬಾರಿ ನೀರಿನ ಮೇಲೆ ತನ್ನ ಕಸುವು ತೋರಿತು. ಮರುವರ್ಷ ನ್ಯೂಯಾರ್ಕಿನ ದೋಣಿ ಪ್ರದರ್ಶನದಲ್ಲಿ ಮಾರಾಟಕ್ಕೆ ಬಂತು. 4.23 ಮೀಟರ್ ಉದ್ದ, 59 ಕಿಲೋ ತೂಕದ ಫೈಬರ್‌ಗ್ಲಾಸ್ ಒಡಲು, ಒಂದೇ ಹಾಯಿ, ಎರಡು ತುಂಡಾಗಿ ಬಿಚ್ಚುವ ಹಾಯಿಕಂಬ, ಮುಗಿಯಿತು. ಈವರೆಗೆ ಎರಡು ಲಕ್ಷಕ್ಕೂ ಹೆಚ್ಚು ತಯಾರಾಗಿವೆ. 1996ರಲ್ಲಿ ಅದು ಒಲಿಂಪಿಕ್ಸ್ ಸೇರಿತು. 2008ರಲ್ಲಿ ಅದರ ಕಿರಿಯ ಹಾಯಿಯ ರೂಪವಾದ ರೇಡಿಯಲ್ ಮಹಿಳೆಯರ ವಿಭಾಗಕ್ಕೆ ಬಂತು.

ಲೇಸರ್‌ನ ನಿಜವಾದ ಜಾಣತನ ಇರುವುದು ಹಾಯಿಯ ಏರ್ಪಾಡಿನಲ್ಲಿ. ಅದರಲ್ಲಿ ಮೂರು ಅಳತೆಗಳಿವೆ: 4.7, ರೇಡಿಯಲ್, ಸ್ಟ್ಯಾಂಡರ್ಡ್. ಒಡಲು ಮೂರಕ್ಕೂ ಒಂದೇ. ಹದಿನಾಲ್ಕರ ಹುಡುಗಿ ಬೆಳೆದು ತೂಕ ಕೂಡಿದಂತೆ ಕಂಬದ ಕೆಳತುಂಡನ್ನೂ ಹಾಯಿಯನ್ನೂ ಬದಲಿಸಿದರೆ ಸಾಕು, ದೋಣಿ ಹೊಸದು ಬೇಡ. ಕ್ಲಬ್ಬಿನ ಲೆಕ್ಕದಲ್ಲಂತೂ ಇದು ದೊಡ್ಡ ಉಳಿತಾಯ.

ಆದರೆ ಅಗ್ಗದ ದೋಣಿ ಗೆದ್ದ ಮೇಲೆ ಅಗ್ಗವಾಗಿ ಉಳಿಯಲಿಲ್ಲ. ಆಪ್ಟಿಮಿಸ್ಟ್ ಫೈಬರ್‌ಗ್ಲಾಸ್‌ಗೆ ತಿರುಗಿ, 1995ರಲ್ಲಿ ಅದರ ಒಡಲಿನ ಅಳತೆಯ ನಿಯಮಗಳು ಬಿಗಿಯಾದ ಮೇಲೆ ಹಿತ್ತಿಲಲ್ಲಿ ಕಟ್ಟಿದ ದೋಣಿಗೆ ದೊಡ್ಡ ಪಂದ್ಯದಲ್ಲಿ ಜಾಗವಿಲ್ಲವಾಯಿತು. ಲೇಸರ್ ಮೊದಲಿನಿಂದಲೂ ಪರವಾನಗಿ ಪಡೆದ ಕಾರ್ಖಾನೆಗಳ ಸೊತ್ತು. ಅಧಿಕೃತ ಮುದ್ರೆಯ ಹಾಯಿ ದುಬಾರಿ. ಅದೇ ಅಳತೆಯ, ಮುದ್ರೆಯಿಲ್ಲದ ಹಾಯಿ ಬಹಳ ಕಡಿಮೆಗೆ ಸಿಗುತ್ತದೆ. ಅಭ್ಯಾಸಕ್ಕೆ ಅಗ್ಗದ್ದು, ಪಂದ್ಯಕ್ಕೆ ಮುದ್ರೆಯದ್ದು ಎಂದು ಎರಡೆರಡು ಇಟ್ಟುಕೊಳ್ಳುವವರು ಎಲ್ಲ ದೇಶಗಳಲ್ಲೂ ಇದ್ದಾರೆ. 2019ರಲ್ಲಿ ಸ್ಪೇನಿನ ವಲೆನ್ಸಿಯಾದಲ್ಲಿ ಲೇಸರ್ ಜೊತೆಗೆ ಇನ್ನು ಮೂರು ಹೊಸ ದೋಣಿಗಳನ್ನು ಪರೀಕ್ಷೆಗೆ ಇಳಿಸಿದರು. ಕೊನೆಗೆ ಒಲಿಂಪಿಕ್ಸ್‌ನಲ್ಲಿ ಹಳೆಯ ದೋಣಿಯೇ ಉಳಿಯಿತು, ತಯಾರಿಕೆಯ ಪರವಾನಗಿಯನ್ನು ಹೆಚ್ಚು ಕಾರ್ಖಾನೆಗಳಿಗೆ ತೆರೆಯಬೇಕೆಂಬ ಷರತ್ತಿನ ಮೇಲೆ. ಅದೇ ವರ್ಷ ಆಟಗಾರರ ಸಂಘಕ್ಕೂ ಪ್ರಮುಖ ತಯಾರಕರೊಬ್ಬರಿಗೂ ಸಂಬಂಧ ಕಡಿದು, ದೋಣಿ ಐಎಲ್‌ಸಿಎ ಎಂಬ ಹೆಸರಿನಲ್ಲಿ ಬರತೊಡಗಿತು. ಈಗ ಸ್ಟ್ಯಾಂಡರ್ಡ್ ಐಎಲ್‌ಸಿಎ 7, ರೇಡಿಯಲ್ ಐಎಲ್‌ಸಿಎ 6, 4.7 ಐಎಲ್‌ಸಿಎ 4.

ಚೆನ್ನೈ ಈ ಬೆಲೆಯೇರಿಕೆಯನ್ನು ಎದುರಿಸಿದ ದಾರಿ ಬೇರೆ. ಇಲ್ಲಿ ಆಟ ಬೆಳೆದದ್ದು ಸ್ವಂತ ದೋಣಿಯಿಂದಲ್ಲ, ಹಂಚಿಕೊಂಡ ದೋಣಿಯಿಂದ. ತಮಿಳುನಾಡು ಸೇಲಿಂಗ್ ಅಸೋಸಿಯೇಷನ್ ಬೇಸಿಗೆ ಶಿಬಿರ ನಡೆಸಿ ಮಕ್ಕಳನ್ನು ಆಪ್ಟಿಮಿಸ್ಟ್‌ನಲ್ಲಿ ಕೂರಿಸುತ್ತದೆ. ಮಗುವಿನ ಮನೆಯವರು ದೋಣಿ ಕೊಳ್ಳಬೇಕಾಗಿಲ್ಲ. 2009ರಲ್ಲಿ ಅಂಥ ಶಿಬಿರಕ್ಕೆ ಬಂದ ನೇತ್ರಾ ಕುಮನನ್ 2020ರ ಜನವರಿಯಲ್ಲಿ ಮಯಾಮಿಯ ವಿಶ್ವಕಪ್ ಪಂದ್ಯದಲ್ಲಿ ಲೇಸರ್ ರೇಡಿಯಲ್‌ನ ಕಂಚು ಗೆದ್ದರು. ಹಾಯಿ ವಿಶ್ವಕಪ್‌ನಲ್ಲಿ ಪದಕ ಪಡೆದ ಮೊದಲ ಭಾರತೀಯ ಮಹಿಳೆ ಅವರು. 2021ರ ಏಪ್ರಿಲಿನಲ್ಲಿ ಒಮಾನಿನ ಮುಸನ್ನಾದಲ್ಲಿ ಒಲಿಂಪಿಕ್ಸ್ ಅರ್ಹತೆ ಗಳಿಸಿ, ಈ ಆಟದಲ್ಲಿ ಆ ಗೌರವಕ್ಕೆ ಪಾತ್ರರಾದ ಮೊದಲ ಭಾರತೀಯ ಮಹಿಳೆಯೂ ಆದರು. ಅಲ್ಲೇ ಅರ್ಹತೆ ಪಡೆದ ಚೆನ್ನೈನ ಕೆ.ಸಿ. ಗಣಪತಿ ಮತ್ತು ವರುಣ್ ಠಕ್ಕರ್ ಅವರದು ಇನ್ನೊಂದು ದಾರಿ. ಅವರು ನಡೆಸಿದ 49ಇಆರ್ ಅಗ್ಗದ ದೋಣಿಗಳ ಸಾಲಿನದಲ್ಲ. ಮೂರು ಹಾಯಿಗಳ, ಇಬ್ಬರೂ ತಂತಿಗೆ ಜೋತು ಹೊರಕ್ಕೆ ಚಾಚಿ ನಿಲ್ಲುವ ಅತಿವೇಗದ ದೋಣಿ ಅದು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಅವರಿಗೆ ಅದರಲ್ಲೇ ಕಂಚು ಸಿಕ್ಕಿತ್ತು.

ನಾಲ್ಕನೆಯವರು ಲೇಸರ್ ಸ್ಟ್ಯಾಂಡರ್ಡ್ ನಡೆಸಿದ ಸೇನೆಯ ವಿಷ್ಣು ಸರವಣನ್. ಅವರು ಸೇರಿದ ಮದ್ರಾಸ್ ಎಂಜಿನಿಯರ್ ಗ್ರೂಪಿನ ಕೇಂದ್ರ ಬೆಂಗಳೂರಿನ ಹಲಸೂರು ಕೆರೆಯ ದಂಡೆಯಲ್ಲಿದೆ. ಸೇನೆಯ ಆಟಗಾರನಿಗೆ ದೋಣಿಯ ಬಿಲ್ಲು ಮನೆಗೆ ಬರುವುದಿಲ್ಲ. ಭೋಪಾಲಿನ ನ್ಯಾಷನಲ್ ಸೇಲಿಂಗ್ ಸ್ಕೂಲಿನದೂ ಇದೇ ತತ್ವ: ರೈತನ ಮಗಳಾದ ನೇಹಾ ಠಾಕೂರ್ ಅಲ್ಲಿ ಕಲಿತು, 2023ರಲ್ಲಿ ಹ್ಯಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಐಎಲ್‌ಸಿಎ 4ರಲ್ಲಿ ಬೆಳ್ಳಿ ಗೆದ್ದರು. ಅದೇ ಕೂಟದ ಐಎಲ್‌ಸಿಎ 7ರಲ್ಲಿ ವಿಷ್ಣು ಅವರಿಗೆ ಕಂಚು ಬಂತು.

ದೋಣಿಯನ್ನು ಹಂಚಿಕೊಂಡರೂ ಯಾರೋ ಒಬ್ಬರು ಕೊಳ್ಳಲೇಬೇಕಲ್ಲ. ಪರವಾನಗಿಯ ದೋಣಿಗಳು ಹೊರದೇಶದಿಂದ ಬರುವುದರಿಂದ ಆಮದು ಸುಂಕ ಬೇರೆ ಬೀಳುತ್ತದೆ. 2017ರಲ್ಲಿ ಜಿಎಸ್‌ಟಿ ಬಂದಾಗ ವಿಹಾರದ ಮತ್ತು ಕ್ರೀಡೆಯ ದೋಣಿಗಳನ್ನೆಲ್ಲ ಯಾಟ್‌ಗಳ ಜೊತೆ ಒಂದೇ ಬಾಬ್ತಿಗೆ ಸೇರಿಸಿ ಶೇ 28 ತೆರಿಗೆ, ಮೇಲೆ ಸೆಸ್ ಹಾಕಿದರು. 2025ರ ಸೆಪ್ಟೆಂಬರ್ 22ರಿಂದ ಆ ಬಾಬ್ತಿನ ದರ ಶೇ 40ಕ್ಕೆ ಏರಿದೆ.