ಒಬ್ಬರೇ ಉಣ್ಣಬಾರದ ಊಟ

ಕಲ್ಯಾಣದ ದೊರೆಯೊಬ್ಬ ಊಟದ ಬಗ್ಗೆ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ 1130ರ ಸುಮಾರಿಗೆ ಸಂಸ್ಕೃತದಲ್ಲಿ ರಚನೆಯಾದ ಗ್ರಂಥ. ಅದರ ನೂರು ಅಧ್ಯಾಯಗಳಲ್ಲಿ ‘ಅನ್ನಭೋಗ’ವೂ ಒಂದು. ಉದ್ದಿನ ಹಿಟ್ಟಿನಿಂದ ಮಾಡುವ ‘ಇಡ್ಡರಿಕಾ’ ಎಂಬ ತಿನಿಸಿನ ಮಾತು ಅಲ್ಲಿ ಬರುತ್ತದೆ. ಇಡ್ಲಿಯ ಚರಿತ್ರೆ ಹೇಳುವವರೆಲ್ಲ ಆ ಸಾಲನ್ನು ತಪ್ಪದೆ ಎತ್ತಿಕೊಳ್ಳುತ್ತಾರೆ. ನನ್ನ ಕಣ್ಣು ನಿಂತದ್ದು ಬೇರೆ ಕಡೆ. ದೊರೆಯಾದವನು ಮಕ್ಕಳು, ಮೊಮ್ಮಕ್ಕಳು, ಬಂಧುಗಳು, ಸಾಮಂತರನ್ನು ಜೊತೆಗೆ ಕೂರಿಸಿಕೊಂಡು ಉಣ್ಣಬೇಕೆಂದು ಸೋಮೇಶ್ವರ ಬರೆಯುತ್ತಾನೆ. ಅಷ್ಟು ದೊಡ್ಡ ಅಡುಗೆಮನೆಯ ಒಡೆಯನಿಗೂ ಒಂಟಿ ಎಲೆ ಸಲ್ಲದು.

ಆ ಪಂಕ್ತಿಯಲ್ಲಿ ಇದ್ದವರೆಲ್ಲ ರಾಜನಿಗೆ ಬೇಕಾದವರು. ಬೇಡವಾದವರ ಊಟದ ವಿಷಯಕ್ಕೆ ಶಾಸನಗಳನ್ನೇ ನೋಡಬೇಕು. ನನ್ನ ಪಿಎಚ್‌ಡಿ ಕೆಲಸದಲ್ಲಿ ಅನ್ನದಾನದ ಶಾಸನಗಳನ್ನು ಓದುತ್ತಿರುವಾಗ ಮತ್ತೆ ಮತ್ತೆ ತಿರುಗಿ ಹೋಗುವುದು ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನಕ್ಕೆ. ಬಳ್ಳಿಗಾವೆ ಇಂದಿನ ಶಿವಮೊಗ್ಗ ಜಿಲ್ಲೆಯಲ್ಲಿದೆ. ಆದರೆ ಅಂದು ಅದನ್ನು ಆಳುತ್ತಿದ್ದವನು ಕಲ್ಯಾಣದಲ್ಲಿ ಅಧಿಕಾರ ಹಿಡಿದಿದ್ದ ಕಳಚುರಿ ಬಿಜ್ಜಳನೇ. ಆ ಮಠದಲ್ಲಿ ಯಾರಿಗೆಲ್ಲ ಅನ್ನ ಎಂದು ಶಾಸನ ಪಟ್ಟಿ ಕೊಡುತ್ತದೆ: ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು, ಜೈನ ಕ್ಷಪಣಕರು, ಬಗೆಬಗೆಯ ಸನ್ಯಾಸಿಗಳು. ರೋಗಿಗಳಿಗೆ ಔಷಧದ ಏರ್ಪಾಡೂ ಉಂಟು. ಎಂಟುನೂರೈವತ್ತು ವರ್ಷಗಳ ಹಿಂದಿನ ಈ ಪಟ್ಟಿಯ ಔದಾರ್ಯ ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ಆದರೂ ಅದರಲ್ಲಿ ಒಂದು ಬಗೆಯ ಮನುಷ್ಯರು ಬಿಟ್ಟುಹೋಗಿದ್ದಾರೆ. ಮನೆಯಲ್ಲಿ ಕಾಳಿದೆ, ಕೈಕಾಲು ಆಡುತ್ತವೆ, ಎದುರು ಕೂತು ಉಣ್ಣುವವರು ಮಾತ್ರ ಇಲ್ಲ, ಅಂಥವರು. ದಾನಶಾಸನದ ಕಣ್ಣಿಗೆ ಅವರು ಬೀಳುವುದಿಲ್ಲ. ದಾನವು ಇಲ್ಲದ್ದನ್ನು ಲೆಕ್ಕ ಹಾಕುತ್ತದೆ, ಅವರಿಗೋ ಎಲ್ಲವೂ ಇದೆ.

ಅದೇ ಬಿಜ್ಜಳನ ಕಾಲದಲ್ಲಿ, ಅದೇ ಕಲ್ಯಾಣದಲ್ಲಿ ಶರಣರು ದಾನ ಎಂಬ ಮಾತನ್ನು ಬದಿಗಿಟ್ಟು ದಾಸೋಹ ಎಂಬುದನ್ನು ಎತ್ತಿ ಹಿಡಿದರು. ‘ದಾಸೋಽಹಂ’, ನಾನು ದಾಸ. ಕೊಡುವವನು ಮೇಲೆ, ಪಡೆಯುವವನು ಕೆಳಗೆ ಎಂಬ ಲೆಕ್ಕ ಆ ಒಂದು ಪದದಲ್ಲಿ ಬುಡಮೇಲಾಯಿತು. ಇದನ್ನು ನಾವು ಭಾಷಣಗಳಲ್ಲಿ ಸಾಕಷ್ಟು ಕೇಳಿದ್ದೇವೆ. ಕಥೆಗಳು ಹೇಳುವುದು ಇನ್ನೂ ಸೂಕ್ಷ್ಮ. ಕಂಚಿಯ ಸಿರಿಯಾಳನ ಕಥೆಯಲ್ಲಿ, ಶಿವಭಕ್ತರೊಬ್ಬರು ಬಂದು ಉಣ್ಣದೆ ತಾನು ಉಣ್ಣುವುದಿಲ್ಲವೆಂಬುದು ಅವನ ನೇಮ. ಒಂದು ದಿನ ಯಾರೂ ಬಾರದಿದ್ದಾಗ ಅವನೇ ಬೀದಿಗಿಳಿದು ಅತಿಥಿಯನ್ನು ಹುಡುಕುತ್ತಾನೆ. ಆ ಕಥೆ ಮುಂದೆ ಎಷ್ಟು ಘೋರವಾಗುತ್ತದೆ ಎಂಬುದು ಗೊತ್ತಿದ್ದೇ ಇದೆ, ನಾನು ಇಲ್ಲಿಗೇ ನಿಲ್ಲುತ್ತೇನೆ. ಇಲ್ಲಿ ಹಸಿದು ಅಲೆಯುತ್ತಿರುವವನು ಅತಿಥೇಯ. ಅಡುಗೆ ಆಗಿದೆ, ಉಣ್ಣಲು ಜೊತೆಯಿಲ್ಲ.

ಹರಿಹರನ ‘ಬಸವರಾಜದೇವರ ರಗಳೆ’ಯಲ್ಲಿ ನಾಗಿದೇವನ ಪ್ರಸಂಗವಿದೆ. ಅಸ್ಪೃಶ್ಯನೆನಿಸಿದ್ದ ಆ ಶರಣನ ಮನೆಗೆ ಬಸವಣ್ಣನವರು ಹೋದರು, ಅಲ್ಲಿ ಉಂಡರು, ದೂರು ಬಿಜ್ಜಳನ ಕಿವಿಗೆ ಬಿತ್ತು. ಬಸವಣ್ಣನವರ ಮಹಾಮನೆಯಲ್ಲಿ ದಿನವೂ ದಾಸೋಹ ನಡೆಯುತ್ತಿತ್ತು ಎನ್ನುತ್ತದೆ ಪರಂಪರೆ. ನಾಗಿದೇವನನ್ನು ಅಲ್ಲಿಗೇ ಕರೆಸಿ ಉಣಬಡಿಸಿದ್ದರೆ ಅದೂ ದೊಡ್ಡ ಮಾತೇ ಆಗುತ್ತಿತ್ತು. ಆದರೆ ನಾಗಿದೇವನಿಗೆ ಇದ್ದ ಕೊರತೆ ಅನ್ನದ್ದಾಗಿರಲಿಲ್ಲ. ಅವನ ಮನೆಯ ಅನ್ನವನ್ನು ಉಣ್ಣುವವರು ಇರಲಿಲ್ಲ. ಜಾತಿ ಹುಟ್ಟಿಸಿದ ಒಂಟಿತನ ಅದು. ಅದಕ್ಕೆ ಮಹಾಮನೆಯ ಎಲೆ ಮದ್ದಾಗುತ್ತಿರಲಿಲ್ಲ, ಯಾರಾದರೂ ಅಲ್ಲಿಗೆ ಹೋಗಿ ಕೈತೊಳೆದು ಕೂರಬೇಕಿತ್ತು. ಅನ್ನಸಂತರ್ಪಣೆಯ ಹೆಸರಿನಲ್ಲಿ ಈ ನಾಡಿನಲ್ಲಿ ಎಷ್ಟೋ ಶತಮಾನ ಪಂಕ್ತಿಭೇದವೂ ನಡೆದುಕೊಂಡು ಬಂತು ಎಂಬುದನ್ನು ನೆನೆದರೆ ಈ ಪ್ರಸಂಗದ ತೂಕ ಗೊತ್ತಾಗುತ್ತದೆ.

ಆಯ್ದಕ್ಕಿ ಲಕ್ಕಮ್ಮನದು ಇನ್ನೊಂದು ತಕರಾರು. ಬಸವಣ್ಣನವರ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವಳ ಗಂಡ ಮಾರಯ್ಯನ ಕಾಯಕ. ಒಂದು ದಿನ ಅವನು ಹೆಚ್ಚು ಅಕ್ಕಿ ತಂದ. ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ತಿರುಗಿ ಕಳಿಸಿದಳು. ನೀಡುವವರ ಸಂಭ್ರಮ ಅಳತೆ ಮೀರಬಾರದು ಎಂಬ ಎಚ್ಚರ ಇದರಲ್ಲಿದೆ ಎಂದು ನನಗೆ ತೋರುತ್ತದೆ. ಬಡಿಸುವ ಸೌಟು ಹಿಡಿದು ಫೋಟೊಕ್ಕೆ ನಿಲ್ಲುವ ನನ್ನ ತಲೆಮಾರಿಗೆ ಲಕ್ಕಮ್ಮ ಏನೆನ್ನುತ್ತಿದ್ದಳೋ!

ಕಲ್ಯಾಣದ ಶರಣರು ಚದುರಿಹೋದರೂ ಈ ಭಾಗದಲ್ಲಿ ಒಲೆ ಆರಲಿಲ್ಲ. ಕಲಬುರಗಿಯ ಖ್ವಾಜಾ ಬಂದೇನವಾಜರು ಸೇರಿದ್ದ ಚಿಶ್ತಿ ಸೂಫಿ ಪರಂಪರೆಯಲ್ಲಿ, ಬೀದರಿನ ನಾನಕ್ ಝೀರಾದಲ್ಲಿ ಅದರ ಹೆಸರು ಲಂಗರ್. ಅರಳಗುಂಡಗಿಯಿಂದ ಕಲಬುರಗಿಗೆ ಬಂದ ಶರಣಬಸವೇಶ್ವರರಲ್ಲಿ ದಾಸೋಹವೇ ದೊಡ್ಡ ಕಾಯಕ. ಹುಮನಾಬಾದಿಗೆ ಹತ್ತಿದಂತಿರುವ ಮಾಣಿಕನಗರದಲ್ಲಿ ಅದು ಭಂಡಾರಖಾನೆ. ಸಂಸ್ಕೃತದ ಭಂಡಾರಕ್ಕೆ ಪಾರಸಿಯ ಖಾನೆ ಸೇರಿ ಆದ ಪದ. ನಿಜಾಮರ ಸೀಮೆಯ ಜನ ಹೇಗೆ ಬದುಕಿದ್ದರು ಎಂದು ಕೇಳುವವರಿಗೆ ನಾನು ಈ ಒಂದು ಪದವನ್ನೇ ತೋರಿಸುತ್ತೇನೆ. ಮಾಣಿಕಪ್ರಭುಗಳು 1817ರಲ್ಲಿ ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ ದತ್ತ ಜಯಂತಿಯ ದಿನ ಹುಟ್ಟಿದರು. ಎಲ್ಲ ಮತಗಳೂ ಸಲ್ಲುತ್ತವೆ ಎನ್ನುವ ಅವರ ‘ಸಕಲಮತ’ ಸಂಪ್ರದಾಯಕ್ಕೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಂಡರು. 1865ರ ಮಾರ್ಗಶಿರ ಶುದ್ಧ ಏಕಾದಶಿಯಂದು ಅವರು ಸಮಾಧಿಯಾದರು. ಪ್ರತಿವರ್ಷ ಮಾರ್ಗಶಿರದ ಏಕಾದಶಿಯಿಂದ ದತ್ತ ಜಯಂತಿಯ ಹುಣ್ಣಿಮೆಯವರೆಗೆ ಅಲ್ಲಿ ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣದ ಜನ ನೆರೆಯುತ್ತಾರೆ.

ಒಂದು ವರ್ಷ ಆ ಹುಣ್ಣಿಮೆಗೆ ನಾವು ನಾಲ್ವರು ಗೆಳೆಯರು ನೀಡುವ ಕೆಲಸಕ್ಕೆ ಹೋಗಿದ್ದೆವು. ಈ ಕಡೆ ಊಟಕ್ಕೆ ‘ಬಡಿಸು’ ಎನ್ನುವವರು ಕಡಿಮೆ, ‘ನೀಡು’ ಎನ್ನುತ್ತಾರೆ. ಅನ್ನದ ಬುಟ್ಟಿ ನನ್ನ ಪಾಲಿಗೆ ಬಂತು, ಸಾರಿನ ಬಕೆಟ್ ಗೆಳೆಯನದು. ಮೂರನೆಯ ಪಂಕ್ತಿಯ ಹೊತ್ತಿಗೆ ನಡು ಹಿಡಿದುಕೊಂಡಿತ್ತು. ಸಾಲಿನ ತುದಿಯಲ್ಲಿ ಕೂತಿದ್ದ ಒಬ್ಬ ಆಯಿ ಉಂಡು ಮುಗಿಸಿಯೂ ಏಳದೆ ಪಕ್ಕದವರ ಜೊತೆ ಮಾತಾಡುತ್ತಿದ್ದರು.

“ಆಯಿ, ಇನ್ನೊಂದೀಟು ನೀಡ್ಲಾ?”

“ಸಾಕಪ್ಪ ತಮ್ಮಾ. ಮನ್ಯಾಗ ಜ್ವಾಳ ಅವ, ಬ್ಯಾಳಿ ಅದ. ಒಬ್ಬಾಕಿಗಿ ಏನಂತ ಅಡಗಿ ಮಾಡ್ಕೋಬೇಕು? ನಾಕ್ ಮಂದ್ಯಾಗ ಕುಂತು ಉಂಡ್ರ ಉಂಡಂಗ ಆಗ್ತದ, ಅದಕ್ಕ ಬಂದೀನಿ.”

ಶಾಸನದ ಪಟ್ಟಿಯಲ್ಲಿ ನಾನು ಹುಡುಕುತ್ತಿದ್ದವರು ಎದುರಿಗೇ ಕೂತಿದ್ದರು. ಒಬ್ಬ ಮಗ ಹೈದರಾಬಾದಿನಲ್ಲಿ, ಇನ್ನೊಬ್ಬ ಪುಣೆಯಲ್ಲಿ. ಹುಮನಾಬಾದನ್ನು ಹಾದುಹೋಗುವ ಹೆದ್ದಾರಿಯ ಎರಡು ತುದಿಗೆ ಇಬ್ಬರು ಮಕ್ಕಳು. ಇಲ್ಲಿನ ಊರೂರಿನ ಕಥೆ ಇದು. ಹೊಲವನ್ನು ಪಾಲಿಗೆ ಕೊಟ್ಟಿದ್ದಾರೆ. ಮಕ್ಕಳು ರೊಕ್ಕ ಕಳಿಸುತ್ತಾರೆ, ಫೋನ್ ಮಾಡುತ್ತಾರೆ, ಆ ಬಗ್ಗೆ ಆಯಿಗೆ ದೂರಿಲ್ಲ. ಏಳುವಾಗ ನನ್ನ ಭುಜ ಹಿಡಿದು, “ಅಮಾಸಿಗಿ ನನ್ನ ಹೊಲಕ್ಕ ಬರ್ರಿ. ಇವತ್ತು ನೀವು ನೀಡಿದ್ರಿ, ಅವತ್ತು ನಾ ನೀಡ್ತೀನಿ” ಎಂದರು.

ದತ್ತ ಜಯಂತಿಯ ಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಎಳ್ಳಮಾವಾಸ್ಯೆ. ಬೀದರ್, ಕಲಬುರಗಿ ಕಡೆಯ ರೈತರಿಗೆ ಇದಕ್ಕಿಂತ ದೊಡ್ಡ ಹಬ್ಬ ಕಡಿಮೆ. ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಜೋಳದ ದಂಟಿನ ಕೊಂಪೆಯಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಬೆಳೆಯ ಸುತ್ತ ಚರಗ ಚೆಲ್ಲಿ, ಆಮೇಲೆ ಊಟ. ಹೊಲವಿಲ್ಲದವರನ್ನೂ, ದಾರಿಯಲ್ಲಿ ಹೋಗುವವರನ್ನೂ ಕರೆಯುವುದು ರೂಢಿ. ಕರೆಯಲು ಜನವಿಲ್ಲದ ಹೊಲಕ್ಕೆ ಮಾತ್ರ ಆ ದಿನ ಕಳೆಯುವುದು ಕಷ್ಟ. ಆಯಿ ಮೂರು ವರ್ಷದಿಂದ ಹೋಗಿರಲಿಲ್ಲವಂತೆ.

ನಾವು ಹೋದೆವು. ನಾಲ್ವರಲ್ಲಿ ಒಬ್ಬಳು ಬೆಂಗಳೂರಿನವಳು, ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದು ಎಂದುಕೊಂಡಿದ್ದಳು. ಇಲ್ಲಿ ಅದು ಹಸಿ ತೊಗರಿ, ಹಸಿ ಕಡಲೆ, ಅವರೆ, ನಾಲ್ಕಾರು ಬಗೆಯ ಸೊಪ್ಪು, ಹುಣಸೆಹುಳಿ, ಕಡಲೆಹಿಟ್ಟು ಎಲ್ಲ ಸೇರಿ ಕುದಿದ ಪಲ್ಯ. ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಗಡಿಗೆಯಲ್ಲಿ ಅಂಬಲಿ. ಆಯಿ ರಾತ್ರಿ ಮೂರಕ್ಕೇ ಎದ್ದು ಅಡುಗೆ ಮಾಡಿದ್ದರು. ನಾವು ಸಹಾಯಕ್ಕೆ ಕೈ ಹಾಕಿದರೆ ಬೈದು ಕೂರಿಸಿದರು. ಎರಡನೆಯ ರೊಟ್ಟಿಗೇ ಸಾಕೆಂದ ಗೆಳೆಯನಿಗೆ ಮೂರನೆಯದು ಬಿತ್ತು. ಅಷ್ಟರಲ್ಲಿ ಬದುವಿನ ಮೇಲೆ ಹೋಗುತ್ತಿದ್ದ ಇಬ್ಬರು ಕಂಡರು. ಸೌಟನ್ನು ಎತ್ತಿ ಹಿಡಿದು, “ಏ, ಎಲ್ಲಿಗಿ ಹೊಂಟೀರಿ, ಬರ್ರಿ ಉಣ್ಣಾಕ, ಮಂದಿ ಬಂದಾರ ನಮ್ಮ ಹೊಲಕ್ಕ” ಎಂದು ಆಯಿ ಕೂಗಿದರು.