ಹತ್ತು ಸಾವಿರ ರೂಪಾಯಿಯಿಂದ ಬೋರ್ಡ್ ರೂಮಿನವರೆಗೆ

ಬೆಂಗಳೂರಿನ ಕಂಪನಿಗಳ ಕತೆಯಲ್ಲಿ ಹತ್ತು ಸಾವಿರ ರೂಪಾಯಿ ಎರಡು ಸಲ ಬರುತ್ತೆ, ಗಮನಿಸಿದ್ದೀರಾ?

1978ರಲ್ಲಿ ಕಿರಣ್ ಮಜುಂದಾರ್ ಬಯೋಕಾನ್ ಶುರು ಮಾಡಿದ್ದು ಅಷ್ಟೇ ದುಡ್ಡಿನಲ್ಲಿ. ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆ ಓದಿ ಬಂದಿದ್ದರೂ ಹೆಣ್ಣು ಅನ್ನೋ ಕಾರಣಕ್ಕೆ ಇಲ್ಲಿ ಆ ಕೆಲಸ ಸಿಗಲಿಲ್ಲ. ಬ್ಯಾಂಕುಗಳೂ ಸಾಲ ಕೊಡೋಕೆ ಹಿಂದೆಮುಂದೆ ನೋಡಿದವು. 1981ರಲ್ಲಿ ಇನ್ಫೋಸಿಸ್‌ಗೆ ಸುಧಾ ಮೂರ್ತಿಯವರ ಉಳಿತಾಯದ ಹತ್ತು ಸಾವಿರ ಬಂತು. ಆದರೆ ಸ್ಥಾಪಕರ ಪಟ್ಟಿಯಲ್ಲಿದ್ದ ಏಳೂ ಜನ ಗಂಡಸರೇ!

ಇದೇ ಕಾಲದಲ್ಲಿ, 1983ರಲ್ಲಿ, ಹುಟ್ಟಿದ ಮಹಿಳಾ ಉದ್ಯಮಿಗಳ ಸಂಘ 'ಅವೇಕ್' ನಮ್ಮ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಿಂದ ಸಾವಿರಾರು ಹೆಣ್ಣುಮಕ್ಕಳಿಗೆ ಸ್ವಂತ ಉದ್ಯಮದ ತರಬೇತಿ ಕೊಟ್ಟಿತು. ಅದೇ ಏರಿಯಾದಲ್ಲಿ ಇನ್ನೊಂದು ಪದ್ಧತಿಯೂ ಉಂಟು. ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಕನಿಷ್ಠ ಇಬ್ಬರು ನಿರ್ದೇಶಕರು ಬೇಕಲ್ಲ, ಎರಡನೆಯವರು ಯಜಮಾನರ ಹೆಂಡತಿ. ಅವರ ಪಾಲಿಗೆ ಬರೋದು ಬರೀ ಸಹಿ ಹಾಕುವ ಕೆಲಸ.

2013ರ ಕಂಪನಿ ಕಾಯ್ದೆ ಲಿಸ್ಟೆಡ್ ಕಂಪನಿಗಳ ಮಂಡಳಿಯಲ್ಲಿ ಒಬ್ಬ ಮಹಿಳೆಯಾದರೂ ಇರಬೇಕು ಅಂದಾಗ ದೊಡ್ಡ ಕಂಪನಿಗಳಲ್ಲೂ ಕೆಲವು ಮಾಡಿದ್ದು ಇದನ್ನೇ: ಮನೆಯವರನ್ನೇ ಕೂರಿಸಿದವು. ಅದಕ್ಕೇ ಸೆಬಿ 2019ರ ಏಪ್ರಿಲ್‌ನಿಂದ ಮೊದಲ 500 ಕಂಪನಿಗಳಿಗೆ 'ಸ್ವತಂತ್ರ' ನಿರ್ದೇಶಕಿಯನ್ನು ಕಡ್ಡಾಯ ಮಾಡಿತು.

ಆ ಒಂದು ಪದಕ್ಕೆ ಎಷ್ಟು ತೂಕ ಇದೆ ನೋಡಿ. ಕಿರಣ್ 2014ರಲ್ಲಿ ಇನ್ಫೋಸಿಸ್‌ನ ಸ್ವತಂತ್ರ ನಿರ್ದೇಶಕಿಯಾದರು. 2017ರಲ್ಲಿ ವಿಶಾಲ್ ಸಿಕ್ಕಾ ರಾಜೀನಾಮೆ ಕೊಟ್ಟ ಮೇಲೆ ಸಲೀಲ್ ಪಾರೇಖ್ ಅವರನ್ನು ಆರಿಸಿದ ನಾಮಕರಣ ಸಮಿತಿಗೆ ಅವರೇ ಅಧ್ಯಕ್ಷೆ. ಹೆಣ್ಣೆಂದು ಕೆಲಸ ಸಿಗದವರು, ಏಳು ಗಂಡಸರು ಕಟ್ಟಿದ ಕಂಪನಿಗೆ ಸಿಇಓ ಆರಿಸಿದರು!

ಕುರ್ಚಿಯನ್ನು ಕಾಯ್ದೆ ಕೊಡಿಸಬಹುದು. ಆದರೆ ಪ್ರಭಾವ ಬರೋದು ಸಮಿತಿಯಲ್ಲಿ ಕೂತು 'ಬೇಡ' ಅನ್ನೋ ಅಧಿಕಾರ ಇದ್ದಾಗ ಮಾತ್ರ. ನೀವೇನಂತೀರಿ?